ಪಿಎಚ್‌ಡಿ ವಿದ್ಯಾರ್ಥಿಗಳೇ ಇಲ್ಲದ ಲ್ಯಾಬಲ್ಲಿ ರಿಸರ್ಚ್: ನನ್ನ ಅನುಭವ

ಅಮೆರಿಕದಲ್ಲಿ ಸೈನ್ಸ್ ಓದೋದಾದರೆ ದೊಡ್ಡ ಯೂನಿವರ್ಸಿಟಿಗೇ ಹೋಗಬೇಕು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನು ಹೋಗಿದ್ದು ಅಯೋವಾದ ಗ್ರಿನೆಲ್ ಕಾಲೇಜಿಗೆ. ಸಣ್ಣ ಊರು, ಸುತ್ತ ಮುಸುಕಿನ ಜೋಳದ ಹೊಲ, ಇಡೀ ಕಾಲೇಜಿಗೆ ಸುಮಾರು 1,700 ವಿದ್ಯಾರ್ಥಿಗಳು. ಕೆಮಿಸ್ಟ್ರಿ ಓದಿದರೂ ಕೊಡೋದು ಬಿ.ಎ. ಡಿಗ್ರಿ. "ಅಷ್ಟು ದೂರ ಹೋಗಿ ಬಿ.ಎ. ಮಾಡ್ತೀಯೇನೋ?" ಅಂತ ದೊಡ್ಡಪ್ಪ ತಲೆ ಚಚ್ಚಿಕೊಂಡರು. ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಇಲ್ಲೇ ಡಿಗ್ರಿ ಮುಗಿಸಿದ್ದು, 1989ರಲ್ಲಿ ಕೆಮಿಸ್ಟ್ರಿ ನೊಬೆಲ್ ಪಡೆದ ಥಾಮಸ್ ಚೆಕ್ ಕೂಡ ಇಲ್ಲೇ ಓದಿದವರು ಅಂದ ಮೇಲೆ ಸ್ವಲ್ಪ ತಣ್ಣಗಾದರು.

ಇಂಥ ಕಾಲೇಜಿನ ಗುಟ್ಟು ಒಂದೇ. ಇಲ್ಲಿ ಪಿಎಚ್‌ಡಿ ಮಾಡುವವರು ಇಲ್ಲ. ಪ್ರೊಫೆಸರ್‌ಗೆ ಪೇಪರ್ ಬರೀಬೇಕು, ಗ್ರ್ಯಾಂಟ್ (ರಿಸರ್ಚ್‌ಗೆ ದುಡ್ಡು) ತರಬೇಕು, ಕೆಲಸಕ್ಕೆ ಕೈ ಬೇಕು, ಸಿಗೋದು ನಾವೇ. ದೊಡ್ಡ ಕಡೆ ಹೋದ ನನ್ನ ಸ್ನೇಹಿತರು ಮೊದಲ ವರ್ಷವೆಲ್ಲ ಯಾರೋ ಪಿಎಚ್‌ಡಿ ಅಣ್ಣನ ಹಿಂದೆ ನಿಂತು ನೋಡುತ್ತಿದ್ದರು.

ಲ್ಯಾಬ್ ಸೇರಿದ್ದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಹತ್ತಾರು ಜನಕ್ಕೆ ಒಂದೇ ಇಮೇಲ್ ಕಳಿಸಲಿಲ್ಲ. ಒಬ್ಬ ಪ್ರೊಫೆಸರ್ ಬರೆದ ಪೇಪರ್ ಪ್ರಿಂಟ್ ತೆಗೆದು, ಅರ್ಥವಾಗದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ (ಅದೇ ಜಾಸ್ತಿ ಇತ್ತು ಅನ್ನಿ), ಅದನ್ನೇ ಹಿಡಿದು ಅವರ ಆಫೀಸ್ ಅವರ್ಸ್‌ಗೆ (ವಿದ್ಯಾರ್ಥಿಗಳನ್ನು ಭೇಟಿಯಾಗಲು ಇಟ್ಟ ಸಮಯ) ಹೋದೆ. ಅವರು ನನ್ನ ಮಾರ್ಕ್ಸ್ ಕೇಳಲೇ ಇಲ್ಲ. ಗುರುತು ಹಾಕಿದ ಸಾಲುಗಳ ಮೇಲೇ ಮಾತು ನಡೆಯಿತು, ಹೊರಡುವಾಗ ಬೇಸಿಗೆಗೆ ಅರ್ಜಿ ಹಾಕು ಅಂದರು.

ಪಿಯುಸಿಯಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದ್ದು ನೆನಪಿದೆ ಅಲ್ವಾ? ಉತ್ತರ ಮೊದಲೇ ಯಾರಿಗೋ ಗೊತ್ತಿರುತ್ತೆ. ಇಲ್ಲಿ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಟಿಎಲ್‌ಸಿ (ಮಿಶ್ರಣದಲ್ಲಿ ಎಷ್ಟು ವಸ್ತು ಇವೆ ಅಂತ ನೋಡೋ ಪರೀಕ್ಷೆ) ಪ್ಲೇಟಿನ ಮೇಲೆ ಪೆನ್ಸಿಲ್ ಗೆರೆ ಎಳೆಯೋದು (ಪೆನ್ ಆದರೆ ಶಾಯಿಯೂ ಸಾಲ್ವೆಂಟ್ ಜೊತೆ ಮೇಲೇರುತ್ತೆ), ಕ್ಯಾಪಿಲರಿಯಲ್ಲಿ (ತೆಳು ಗಾಜಿನ ನಳಿಕೆ) ಚುಕ್ಕೆ ಇಡೋದು, ಯುವಿ ದೀಪದಡಿ ಹಿಡಿಯೋದು. ಒಂದು ಚುಕ್ಕೆ ಇರಬೇಕಾದ ಕಡೆ ಎರಡು ಕಂಡರೆ ಕಾಲಮ್ (ಪುಡಿ ತುಂಬಿದ ಗಾಜಿನ ಕೊಳವೆ) ಹಾಕಿ ಬೇರೆ ಮಾಡು, ಒಣಗಿಸು, ಎನ್‌ಎಂಆರ್‌ಗೆ (ಅಣುವಿನ ರಚನೆ ತೋರಿಸೋ ಯಂತ್ರ) ಒಯ್ಯಿ. ಸರಿಯಾಗಿ ಒಣಗಿಸದಿದ್ದರೆ ಎನ್‌ಎಂಆರ್ ಗ್ರಾಫಿನ 4.12, 2.05, 1.26 ಪಿಪಿಎಂ ಜಾಗಗಳಲ್ಲಿ ಎಥೈಲ್ ಅಸಿಟೇಟ್ (ಕಾಲಮ್‌ನಲ್ಲಿ ಬಳಸಿದ ಸಾಲ್ವೆಂಟ್) ಕರೆಯದ ನೆಂಟನ ಹಾಗೆ ಬಂದು ಕೂತಿರುತ್ತೆ. ಎನ್‌ಎಂಆರ್ ಯಂತ್ರವನ್ನು ನಡೆಸಿದ್ದು ನಾನೇ. ಪಕ್ಕದಲ್ಲಿ ಪ್ರೊಫೆಸರ್ ನಿಂತಿರೋರು, ಆದರೆ ಬಾಯಿ ಬಿಡುತ್ತಿರಲಿಲ್ಲ. "ಈ ಪೀಕ್ ಏನು, ನೀನೇ ಹೇಳು" ಅಷ್ಟೇ.

ತೊಂದರೆಯೂ ಇದೆ. ಪ್ರೊಫೆಸರ್‌ಗಳಿಗೆ ಪಾಠವೇ ಮೊದಲ ಕೆಲಸ, ಹಾಗಾಗಿ ಸೆಮಿಸ್ಟರ್ ಶುರುವಾದರೆ ಲ್ಯಾಬ್ ಆಮೆ ನಡಿಗೆ. ಒಂದು ವಿಷಯಕ್ಕೆ ಇರೋದೇ ಒಬ್ಬರು, ಅವರು ಸಬ್ಯಾಟಿಕಲ್‌ಗೆ (ಪಾಠದಿಂದ ಸಿಗೋ ದೀರ್ಘ ಬಿಡುವು) ಹೋದರೆ ಮುಗೀತು.

ದುಡ್ಡಿನ ವಿಷಯ ಗಮನವಿಟ್ಟು ಓದಿ. ಎನ್‌ಎಸ್‌ಎಫ್ (ಅಮೆರಿಕ ಸರ್ಕಾರದ ವಿಜ್ಞಾನ ನಿಧಿ ಸಂಸ್ಥೆ) ದುಡ್ಡು ಕೊಡುವ ಆರ್‌ಇಯು ಅನ್ನೋ ಡಿಗ್ರಿ ವಿದ್ಯಾರ್ಥಿಗಳ ಬೇಸಿಗೆ ರಿಸರ್ಚ್ ಕಾರ್ಯಕ್ರಮಗಳಲ್ಲಿ ಆ ಸ್ಟೈಪೆಂಡ್ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಹೋದ ನಮಗಿಲ್ಲ. ಸುಮ್ನೆ ಅರ್ಜಿ ಹಾಕಿ ಕಾಯಬೇಡಿ. ನನಗೆ ದಾರಿಯಾದದ್ದು ಕಾಲೇಜಿನದೇ ಆದ ಮ್ಯಾಪ್ ಯೋಜನೆ. ಬೇಸಿಗೆಯಲ್ಲಿ ಒಬ್ಬ ಪ್ರೊಫೆಸರ್ ಜೊತೆ ಪೂರ್ತಿ ರಿಸರ್ಚ್, ಖರ್ಚಿಗೆ ಸ್ಟೈಪೆಂಡ್. ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ದಾಟುವಂತಿಲ್ಲ.

ಎಂಜಿನಿಯರಿಂಗ್ ಬೇಕು ಅನ್ನೋರಿಗೆ ಗ್ರಿನೆಲ್‌ನಲ್ಲಿ ಅದರ ಡಿಗ್ರಿಯೇ ಇಲ್ಲ. 3-2 ಅಂತ ಒಂದು ದಾರಿ ಇದೆ: 3 ವರ್ಷ ಇಲ್ಲಿ, 2 ವರ್ಷ ದೊಡ್ಡ ಯೂನಿವರ್ಸಿಟಿಯಲ್ಲಿ, ಕೈಗೆ 2 ಡಿಗ್ರಿ. ಆದರೆ ಆ ಕೊನೆಯ 2 ವರ್ಷಕ್ಕೆ ಫೀಸಿನ ನೆರವು ಮುಂದುವರಿಯುತ್ತೆ ಅನ್ನೋ ಖಾತರಿ ಇಲ್ಲ, ನಮ್ಮಂಥ ಮನೆಗಳಿಗೆ ಅದು ದೊಡ್ಡ ಪೆಟ್ಟು. ಅದಕ್ಕಿಂತ ಸ್ವಾರ್ಥ್‌ಮೋರ್, ಲಫಾಯೆಟ್, ಹಾರ್ವೆ ಮಡ್, ಹುಡುಗಿಯರಿಗಾದರೆ ಸ್ಮಿತ್ ನೋಡಿ, ಅಲ್ಲೆಲ್ಲ ಎಂಜಿನಿಯರಿಂಗ್ ಕಾಲೇಜಿನೊಳಗೇ ಇದೆ. ಹಾರ್ವೆ ಮಡ್‌ನ ಕ್ಲಿನಿಕ್ ಅನ್ನೋ ಕಾರ್ಯಕ್ರಮದಲ್ಲಿ ಕಂಪನಿಗಳು ತಮ್ಮ ನಿಜವಾದ ಸಮಸ್ಯೆ ತಂದುಕೊಡುತ್ತವೆ, ವಿದ್ಯಾರ್ಥಿಗಳ ತಂಡ ವರ್ಷವಿಡೀ ಅದನ್ನೇ ಹಿಡಿದು ಕೂರುತ್ತದೆ. 1960ರ ದಶಕದಿಂದ ನಡೆದು ಬಂದಿದೆ.

ಅರ್ಜಿ ಹಾಕುವ ಮೊದಲು ಆ ಕಾಲೇಜಿನಲ್ಲಿ ಈಗ ಓದುತ್ತಿರುವ ಒಬ್ಬರನ್ನು ಹಿಡಿದು ಇಷ್ಟು ಕೇಳಿ: ಹೋದ ಬೇಸಿಗೆ ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಎಷ್ಟು ಜನಕ್ಕೆ ಕಾಲೇಜಿನ ದುಡ್ಡಲ್ಲಿ ರಿಸರ್ಚ್ ಸಿಕ್ಕಿತು, ಅದರಲ್ಲಿ ಎಫ್-1 ನವರು ಎಷ್ಟು?