ಕುದಿಯುವ ರೋಲ್ಸ್ ರಾಯ್ಸನ್ನು ನಂದಿಬೆಟ್ಟ ಹತ್ತಿಸಿ ನೋಡಿದ್ದು

ಹಳೆಯ ಕಾರು ಕುದಿಯಿತು ಅಂದರೆ ಎಲ್ಲರೂ ಮೊದಲು ಬೈಯುವುದು ರೇಡಿಯೇಟರನ್ನು. ನನ್ನ ಶೆಡ್‌ಗೆ ಬಂದ ರೋಲ್ಸ್ ರಾಯ್ಸ್ 20 ಎಚ್‌ಪಿ ಕಾರಿಗೂ ಅದೇ ಹಣೆಪಟ್ಟಿ ಅಂಟಿತ್ತು. ಬೇರೊಂದು ಕಡೆ ‘ಕೋರ್ ಹೋಗಿದೆ, ಹೊಸದು ಹಾಕಿಸಿ’ ಅಂದಿದ್ದರಂತೆ. ಕೋರ್ ಅಂದರೆ ರೇಡಿಯೇಟರ್ ಒಳಗೆ ನೀರು ಹರಿದು ತಣ್ಣಗಾಗುವ ಜಾಲರಿ. ಮಾಲೀಕರಿಗೆ ಖರ್ಚಿನ ಚಿಂತೆಗಿಂತ ಮೂಲ ಕೋರ್ ಕೈಬಿಟ್ಟು ಹೋಗುತ್ತಲ್ಲ ಅನ್ನೋ ಸಂಕಟ. ಬಿಚ್ಚುವ ಮುಂಚೆ ರಸ್ತೆಗಿಳಿಸಿ ಅಳೆಯೋಣ ಅಂದೆ.

ಈ ಮಾದರಿ ತಯಾರಾದದ್ದು 1922ರಿಂದ 1929ರವರೆಗೆ. ಆರು ಸಿಲಿಂಡರ್, 3.1 ಲೀಟರ್ ಎಂಜಿನ್. ಅದೇ ಕಂಪನಿಯ ಹಿಂದಿನ ದೊಡ್ಡ ಕಾರು ಸಿಲ್ವರ್ ಘೋಸ್ಟ್‌ಗಿಂತ ಚಿಕ್ಕದು. ರೇಡಿಯೇಟರ್‌ಗೆ ಇಂದಿನ ಕಾರುಗಳಂತೆ ಒತ್ತಡದ ಮುಚ್ಚಳ ಇಲ್ಲ. ಹಾಗಾಗಿ ನೀರು ಊರಿನ ಎತ್ತರಕ್ಕೆ ತಕ್ಕಂತೆ ಕುದಿಯುತ್ತದೆ. ಬೆಂಗಳೂರಲ್ಲಿ ಸುಮಾರು 97 ಡಿಗ್ರಿ. 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ 95ರ ಆಸುಪಾಸು. ಏರಿನಲ್ಲಿ ಎಂಜಿನ್ ಜಾಸ್ತಿ ಬಿಸಿಯಾಗುತ್ತದೆ, ಕುದಿಯುವ ಮಟ್ಟವೋ ಕೆಳಗಿಳಿಯುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಡ್ಯಾಶ್‌ಬೋರ್ಡಿನ ಮೀಟರನ್ನು ನಾನು ನಂಬುವುದಿಲ್ಲ. ರೇಡಿಯೇಟರಿನ ಮೇಲಿನ ಹೋಸ್ ಹತ್ತಿರ ಒಂದು, ಕೆಳಗಿನದರ ಹತ್ತಿರ ಒಂದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕಟ್ಟಿದೆ. ಮೂರನೆಯದು ಹೊರಗಿನ ಗಾಳಿಗೆ. ಕೆಲವರು ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ಹೊಳೆಯುವ ಲೋಹಕ್ಕೇ ಗುರಿಯಿಡುತ್ತಾರೆ. ಅದು ತಪ್ಪು ಅಂಕಿ ತೋರಿಸುತ್ತದೆ. ಅಲ್ಲಿ ಕಪ್ಪು ಟೇಪ್ ಅಂಟಿಸಿ ಅಳೆಯಬೇಕು.

ಬರೆದುಕೊಳ್ಳಬೇಕಾದದ್ದು ನೀರಿನ ಬಿಸಿಯನ್ನಲ್ಲ, ಗಾಳಿಗಿಂತ ನೀರು ಎಷ್ಟು ಜಾಸ್ತಿ ಬಿಸಿ ಅನ್ನುವುದನ್ನು. ವಾರದ ನಡುವೆ, ಬೆಳಗಿನ ತಂಪಲ್ಲಿ ಬೆಟ್ಟ ಹತ್ತಿದೆವು. ಗಾಳಿ 22 ಡಿಗ್ರಿ, ನೀರು 84. ‘ಕುದಿಯಲೇ ಇಲ್ವಲ್ಲಾ ಸಾರ್’ ಅಂತ ಡ್ರೈವರ್‌ಗೆ ಖುಷಿ. ಆದರೆ ವ್ಯತ್ಯಾಸ 62. ಅದೇ ಏರನ್ನು ಏಪ್ರಿಲ್ ಮಧ್ಯಾಹ್ನದ 36 ಡಿಗ್ರಿಯಲ್ಲಿ ಹತ್ತಿದರೆ ನೀರು 98 ಮುಟ್ಟಬೇಕು. ಅಂದರೆ ಕುದಿದೇ ಕುದಿಯುತ್ತದೆ.

ಹಾಗಿದ್ದರೂ ಕೋರ್‌ನಲ್ಲಿ ದೋಷ ಕಾಣಲಿಲ್ಲ. ಮೇಲಿಂದ ಕೆಳಕ್ಕೆ ನೀರು ಎಂಟು ಹತ್ತು ಡಿಗ್ರಿ ತಣ್ಣಗಾಗುತ್ತಿತ್ತು. ಅಡ್ಡಡ್ಡಲಾಗಿ ಅಳೆದರೆ ಎಲ್ಲೂ ತಣ್ಣನೆಯ ಪಟ್ಟಿ ಇಲ್ಲ. ಒಳಗೆ ನೀರಿನ ಹಾದಿ ಕಟ್ಟಿಕೊಂಡಿದ್ದರೆ ಆ ಜಾಗ ತಣ್ಣಗೇ ಉಳಿಯುತ್ತದೆ. ಇಲ್ಲಿ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ, ಎಂಜಿನ್ನೇ ಅದಕ್ಕೆ ಜಾಸ್ತಿ ಬಿಸಿ ಕೊಡುತ್ತಿದೆ.

ಆದ್ದರಿಂದ ಪೆಟ್ರೋಲ್ ಅಳೆದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಆಟೋವ್ಯಾಕ್‌ನ ಹೊಟ್ಟೆಯಲ್ಲಿ ಒಂದಿಷ್ಟು ಉಳಿದುಬಿಡುತ್ತದೆ, ಲೆಕ್ಕ ಕೆಡುತ್ತದೆ. ಅದನ್ನು ಬಿಟ್ಟು ಅಳತೆಗೆರೆ ಇರುವ ಎರಡು ಲೀಟರ್ ಕ್ಯಾನನ್ನು ಬಾನೆಟ್ ಹೊರಗೆ ಎತ್ತರಕ್ಕೆ ಭದ್ರವಾಗಿ ಕಟ್ಟಿ, ನೇರ ಕಾರ್ಬುರೇಟರ್‌ಗೆ ಕೊಟ್ಟೆ. ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲೇ ಇರಬೇಕು, ಇದರಲ್ಲಿ ರಾಜಿ ಇಲ್ಲ. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬಂದೆವು, ಗಾಳಿ ಮತ್ತು ಇಳಿಜಾರಿನ ಲಾಭ ನಷ್ಟ ಸರಿದೂಗಲಿ ಅಂತ. ದೂರಕ್ಕೆ ಜಿಪಿಎಸ್. ಸಿಕ್ಕಿದ್ದು ಲೀಟರ್‌ಗೆ 5 ಕಿ.ಮೀ.

ಹೋಲಿಕೆಗೆ ಒಂದು ಮಾತು. 1911ರಲ್ಲಿ 7 ಲೀಟರ್‌ಗೂ ಹೆಚ್ಚಿನ ಎಂಜಿನ್ನಿನ ಸಿಲ್ವರ್ ಘೋಸ್ಟ್ ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿ ಬಂತು, ಅದೂ ಪೂರ್ತಿ ಟಾಪ್ ಗೇರಿನಲ್ಲಿ. ಗ್ಯಾಲನ್‌ಗೆ 24.32 ಮೈಲಿ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಸುಮಾರು 8.6 ಕಿ.ಮೀ. ಅದು ಕಂಪನಿಯೇ ಸಜ್ಜು ಮಾಡಿದ ಕಾರು, ನಿಜ. ಆದರೂ ಅರ್ಧಕ್ಕಿಂತ ಚಿಕ್ಕ ಎಂಜಿನ್ 5 ಕೊಟ್ಟರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ, ಅಲ್ವಾ?

ಸುಳಿವು ಸಿಕ್ಕಿದ್ದು ಸ್ಟೀರಿಂಗ್ ಮೇಲಿನ ಲಿವರ್‌ಗಳಲ್ಲಿ. ಕಿಡಿ ಯಾವಾಗ ಹಾರಬೇಕು ಅಂತ ಹೊಂದಿಸುವ ಇಗ್ನಿಷನ್ ಲಿವರನ್ನು ಡ್ರೈವರ್ ಸದಾ ‘ತಡ’ದ ಕಡೆಗೇ ಇಟ್ಟುಕೊಂಡಿದ್ದರು. ನಾನು ಕೈ ಹಾಕಿದರೆ, ‘ಬೇಡಿ ಸಾರ್, ಏರಲ್ಲಿ ಎಂಜಿನ್ ಬಡಿಯುತ್ತೆ. ದೊಡ್ಡವರು ಹಾಗೇ ಕಲಿಸಿದ್ದು’ ಅಂದರು. ಬಡಿಯುವುದು ಅಂದರೆ ಪೆಟ್ರೋಲ್ ತಾನಾಗೇ ಹೊತ್ತಿಕೊಂಡು ಎಂಜಿನ್ ಟಕಟಕ ಸದ್ದು ಮಾಡುವುದು. ದೊಡ್ಡವರ ಕಾಲಕ್ಕೆ ಅದು ಸರಿಯೇ. ಆಗಿನ ಪೆಟ್ರೋಲಿನ ಆಕ್ಟೇನ್, ಅಂದರೆ ಬಡಿತ ತಡೆಯುವ ಶಕ್ತಿ, ತೀರಾ ಕಡಿಮೆ. ಈಗಿನದು 91ರ ಮೇಲೆ. ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) 5:1ಕ್ಕಿಂತ ಕಡಿಮೆ ಇರುವ ಈ ಎಂಜಿನ್ ಅದರಲ್ಲಿ ಬಡಿಯುವುದು ಕಷ್ಟ. ಕಿಡಿ ತಡವಾದರೆ ಬೆಂಕಿ ಪಿಸ್ಟನ್ ಕೆಳಗಿಳಿಯುವಾಗಲೂ ಉರಿಯುತ್ತಿರುತ್ತದೆ. ಶಕ್ತಿ ಚಕ್ರಕ್ಕೆ ಹೋಗುವ ಬದಲು ಸಿಲಿಂಡರ್ ಗೋಡೆಗೂ ಎಕ್ಸಾಸ್ಟ್‌ಗೂ ಹೋಗುತ್ತದೆ. ಪೆಟ್ರೋಲೂ ದಂಡ, ನೀರೂ ಬಿಸಿ.

ಇನ್ನೊಂದು ಕಾರಣ ಎಥನಾಲ್. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಶೇ. 20 ಎಥನಾಲ್ ಬೆರೆತ ಪೆಟ್ರೋಲನ್ನು ಕಾರ್ಬುರೇಟರಿನ ಹಳೆಯ ಜೆಟ್‌ನಲ್ಲೇ (ಪೆಟ್ರೋಲ್ ಹಾಯುವ ರಂಧ್ರ) ಬಿಟ್ಟರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ. ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಮೊದಲೇ ತಡವಾದ ಕಿಡಿಯ ಜೊತೆ ಇದೂ ಸೇರಿತ್ತು. ಇದು ಪ್ಲಗ್ಗಿನ ಬಣ್ಣದಲ್ಲಿ ತಿಳಿಯುತ್ತದೆ ಅಂತ ಕಾಯಬೇಡಿ. ಈಗಿನ ಪೆಟ್ರೋಲ್ ಅಷ್ಟು ಬಣ್ಣ ಬಿಡುವುದಿಲ್ಲ.

ಕಿಡಿ ಬೇಗ ಹಾರುವಂತೆ ಮಾಡಿ, ಏರಿನಲ್ಲಿ ಮಾತ್ರ ಮಿಶ್ರಣದ ಲಿವರನ್ನು ಗಟ್ಟಿ (ಪೆಟ್ರೋಲ್ ಜಾಸ್ತಿ) ಕಡೆಗೆ ಸರಿಸಿ, ಮತ್ತೆ ಬೆಟ್ಟ ಹತ್ತಿದೆವು. ಎಂಜಿನ್ ಬಡಿಯಲಿಲ್ಲ. ವ್ಯತ್ಯಾಸ 62ರಿಂದ 50ಕ್ಕೆ ಇಳಿಯಿತು. ಸಮತಟ್ಟು ರಸ್ತೆಯಲ್ಲಿ ಲೀಟರ್‌ಗೆ 6 ಕಿ.ಮೀ. ಚಿಲ್ಲರೆ ಬಂತು. ಕೋರ್ ಬಿಚ್ಚಲೇ ಇಲ್ಲ.

ಹೆಬ್ಬಾಳದ ಟ್ರಾಫಿಕ್‌ನಲ್ಲಿ ಮಾತ್ರ ಈಗಲೂ ಬಿಸಿ ಏರುತ್ತದೆ. ಫ್ಯಾನ್ ಎಂಜಿನ್ ವೇಗಕ್ಕೆ ತಕ್ಕಂತೆ ತಿರುಗುವುದು, ನಿಂತಲ್ಲಿ ಗಾಳಿ ಸಾಲದು. ಎಲೆಕ್ಟ್ರಿಕ್ ಫ್ಯಾನ್ ಹಾಕಬಹುದು ಅಂದೆ, ಮಾಲೀಕರು ಒಪ್ಪಲಿಲ್ಲ. ಬೆಳಿಗ್ಗೆ ಆರರೊಳಗೆ ಊರು ದಾಟಿಸಿಬಿಡಿ ಅಂತ ಡ್ರೈವರ್‌ಗೆ ಹೇಳಿದ್ದೇನೆ.