ಖಾಲಿ ಆಕಾಶದ ಲೆಕ್ಕವನ್ನೂ ಇಟ್ಟ ಮೇಸರ್ ಸರ್ವೆ

ಆಕಾಶದಲ್ಲಿ ಮೇಸರ್, ಅಂದರೆ ತಾನಾಗಿಯೇ ಬಲಗೊಂಡು ಬರುವ ರೇಡಿಯೊ ಅಲೆಗಳ ಮೂಲ, ಹುಡುಕಲು ಎರಡು ದಾರಿ ಇವೆ. ಒಂದು, ಇಲ್ಲಿ ಇರಬಹುದು ಅಂತ ಮೊದಲೇ ಗುಮಾನಿ ಇರುವ ಜಾಗಕ್ಕೆ ರೇಡಿಯೊ ದೂರದರ್ಶಕದ ಡಿಶ್ ತಿರುಗಿಸುವುದು. ಈಗಷ್ಟೇ ಹುಟ್ಟುತ್ತಿರುವ ದೊಡ್ಡ ನಕ್ಷತ್ರವೋ, ಇನ್‌ಫ್ರಾರೆಡ್‌ನಲ್ಲಿ ಹೊಳೆಯುವ ಧೂಳಿನ ಮೋಡವೋ, ಹೀಗೆ. ಇನ್ನೊಂದು, ಏನನ್ನೂ ಊಹಿಸದೆ ಕ್ಷೀರಪಥದ ಪಟ್ಟಿಯನ್ನು ಒಂದು ತುದಿಯಿಂದ ಹಿಡಿದು ಪೂರ್ತಿ ನೋಡಿಕೊಂಡು ಹೋಗುವುದು. ಮೊದಲನೆಯದರಲ್ಲಿ ಕೈಗೆ ಬೇಗ ಏನಾದರೂ ಸಿಗುತ್ತದೆ. ಎರಡನೆಯದರಲ್ಲಿ ಹೆಚ್ಚಿನ ಹೊತ್ತು ಬರೀ ನಾಯ್ಸ್, ಅರ್ಥವಿಲ್ಲದ ಏರಿಳಿತ. ನಾನು ಕೆಲಸ ಮಾಡಿದ್ದು ಈ ಎರಡನೆಯ ಬಗೆಯಲ್ಲಿ. ಆಯ್ಕೆ ಕೊಟ್ಟರೆ ಈಗಲೂ ಅದನ್ನೇ ಮಾಡುತ್ತೇನೆ. ಗುಮಾನಿ ಇದ್ದ ಕಡೆ ಮಾತ್ರ ನೋಡಿದರೆ ನಮ್ಮ ಗುಮಾನಿಯೇ ಪಟ್ಟಿಯಾಗಿ ವಾಪಸ್ ಬರುತ್ತದೆ, ಅಲ್ವಾ?

ಮೇಸರ್ ಅಂದರೆ ಸುಲಭವಾಗಿ ಹೇಳುವುದಾದರೆ ರೇಡಿಯೊ ಅಲೆಗಳ ಲೇಸರ್. ಪ್ರಯೋಗಾಲಯದಲ್ಲಿ ಚಾರ್ಲ್ಸ್ ಟೌನ್ಸ್ ಮತ್ತು ಅವರ ಜೊತೆಗಾರರು ಅಮೋನಿಯಾ ಬಳಸಿ 1954ರಲ್ಲಿ ಇದನ್ನು ಮಾಡಿ ತೋರಿಸಿದರು. ಆಕಾಶದಲ್ಲಿ ಅದು ತಾನಾಗಿಯೇ ಆಗುತ್ತಿದೆ ಅಂತ ಗೊತ್ತಾಗುತ್ತಾ ಹೋದದ್ದು 1965ರ ನಂತರ. ಹೈಡ್ರಾಕ್ಸಿಲ್ ಅಣುವಿನ ಗೆರೆಗಳು, ಅಂದರೆ ಆ ಅಣು ಹೊರಡಿಸುವ ನಿರ್ದಿಷ್ಟ ಫ್ರೀಕ್ವೆನ್ಸಿಯ ಅಲೆಗಳು, ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹೊಳೆಯುತ್ತಿದ್ದವು. ಕಂಡವರು ತಬ್ಬಿಬ್ಬಾಗಿ ಅದಕ್ಕೆ 'ಮಿಸ್ಟೀರಿಯಂ' ಅಂತಲೇ ಹೆಸರಿಟ್ಟಿದ್ದರು. ಒಳಗೆ ನಡೆಯುವುದು ಇಷ್ಟು. ಸುತ್ತಲಿನ ಬಿಸಿ ಧೂಳಿನ ಇನ್‌ಫ್ರಾರೆಡ್ ಬೆಳಕೋ, ಅಣುಗಳ ಡಿಕ್ಕಿಯೋ ಹೆಚ್ಚಿನ ಅಣುಗಳನ್ನು ಮೇಲಿನ ಶಕ್ತಿಯ ಮಟ್ಟಕ್ಕೆ ಏರಿಸಿ ಇಟ್ಟಿರುತ್ತದೆ. ಆ ದಾರಿಯಲ್ಲಿ ಬಂದ ಒಂದು ಅಲೆ ಅವುಗಳಿಂದ ತನ್ನಂಥದ್ದೇ ಅಲೆಗಳನ್ನು ಹೊರಡಿಸುತ್ತಾ ಬೆಳೆಯುತ್ತಾ ಹೋಗುತ್ತದೆ. ದಾರಿಯುದ್ದಕ್ಕೂ ಅನಿಲ ಒಂದೇ ವೇಗದಲ್ಲಿ ಚಲಿಸುತ್ತಿರಬೇಕು. ಇಲ್ಲದಿದ್ದರೆ ಡಾಪ್ಲರ್‌ನಿಂದಾಗಿ, ಅಂದರೆ ವೇಗಕ್ಕೆ ತಕ್ಕಂತೆ ಫ್ರೀಕ್ವೆನ್ಸಿ ಬದಲಾಗುವುದರಿಂದ, ಗೆರೆ ಪಕ್ಕಕ್ಕೆ ಸರಿದು ಅಲೆ ಬೆಳೆಯುವುದೇ ಇಲ್ಲ.

ಯಾವ ಗೆರೆಯಲ್ಲಿ ಸರ್ವೆ ಮಾಡಬೇಕು ಅನ್ನುವುದು ದೊಡ್ಡ ಪ್ರಶ್ನೆ. ನೀರಿನ 22.2 ಗಿಗಾಹರ್ಟ್ಜ್ ಗೆರೆ ಎಲ್ಲ ಕಡೆ ಸಿಗುತ್ತದೆ. ಆದರೆ ಅದು ಎಳೆಯ ನಕ್ಷತ್ರದ ಸುತ್ತಲೂ ಬರುತ್ತದೆ, ಮುದಿ ನಕ್ಷತ್ರದ ಸುತ್ತಲೂ ಬರುತ್ತದೆ. ಸಿಕ್ಕಿದ ಮೇಲೆ ಯಾರ ಮನೆಯದು ಅಂತ ಮತ್ತೆ ವಿಚಾರಿಸಬೇಕು. ಹೈಡ್ರಾಕ್ಸಿಲ್‌ನ 1612 ಮೆಗಾಹರ್ಟ್ಜ್ ಗೆರೆ ಮುದಿ ನಕ್ಷತ್ರಗಳಿಗೆ ಚೆನ್ನ. ಹಿಗ್ಗುತ್ತಿರುವ ಚಿಪ್ಪಿನ ಮುಂಭಾಗದಿಂದ ಒಂದು, ಹಿಂಭಾಗದಿಂದ ಒಂದು, ಹೀಗೆ ಜೋಡಿ ಪೀಕ್, ಅಂದರೆ ಗ್ರಾಫ್ ಮೇಲೆ ಎರಡು ಮೊನೆ ಬರುತ್ತದೆ. ಕಂಡ ಕೂಡಲೇ ಗುರುತಾಗುತ್ತದೆ. ಆದರೆ ಉಪಗ್ರಹಗಳ ಕಾಟ ಅಲ್ಲಿ ಜಾಸ್ತಿ. ಸಿಲಿಕಾನ್ ಮಾನಾಕ್ಸೈಡ್‌ನ 43 ಗಿಗಾಹರ್ಟ್ಜ್ ಗೆರೆಗಳೂ ಹೆಚ್ಚಾಗಿ ಮುದಿ ನಕ್ಷತ್ರಗಳವೇ. ನಾವು ಆರಿಸಿಕೊಂಡದ್ದು ಮೆಥನಾಲ್‌ನ 6668.5 ಮೆಗಾಹರ್ಟ್ಜ್. ಖಗೋಳ ವಿಜ್ಞಾನಿ ಕಾರ್ಲ್ ಮೆಂಟನ್ 1991ರಲ್ಲಿ ತೋರಿಸಿಕೊಟ್ಟ ಗೆರೆ ಇದು. ಈಗಷ್ಟೇ ಹುಟ್ಟುತ್ತಿರುವ ಭಾರೀ ನಕ್ಷತ್ರಗಳ ಹತ್ತಿರ ಮಾತ್ರ ಕಾಣಿಸುತ್ತದೆ. ಸಿಕ್ಕಿತು ಅಂದರೆ ಅಲ್ಲಿ ಏನಿದೆ ಅಂತ ಅರ್ಧ ಕಥೆ ಗೊತ್ತಾದ ಹಾಗೆ.

ಕೆಲಸದ ಗಾತ್ರ ಹೇಳುತ್ತೇನೆ. ಕ್ಷೀರಪಥದ ಸಮತಲದಿಂದ ಮೇಲೆ ಕೆಳಗೆ ಎರಡೆರಡು ಡಿಗ್ರಿ ಇಟ್ಟುಕೊಂಡು ಒಂದು ಸುತ್ತು ಹಾಕಿದರೆ 1440 ಚದರ ಡಿಗ್ರಿ. 64 ಮೀಟರ್ ಡಿಶ್‌ನ ಬೀಮ್, ಅಂದರೆ ಅದು ಒಮ್ಮೆಗೆ ನೋಡುವ ಆಕಾಶದ ತುಂಡು, ಈ ಗೆರೆಯಲ್ಲಿ ಸುಮಾರು 3.3 ಆರ್ಕ್‌ಮಿನಿಟ್, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಒಂಬತ್ತನೇ ಒಂದು ಪಾಲು. ಆ ಬೀಮಿನಿಂದ ಇಷ್ಟು ಆಕಾಶ ಮುಚ್ಚಲು ನಾಲ್ಕು ಲಕ್ಷಕ್ಕೂ ಹೆಚ್ಚು ಜಾಗ ನೋಡಬೇಕು. ಆಸ್ಟ್ರೇಲಿಯಾದ ಪಾರ್ಕ್ಸ್ ಡಿಶ್‌ನಲ್ಲಿ ಮೆಥನಾಲ್ ಮಲ್ಟಿಬೀಮ್ ಸರ್ವೆಗೆ ಒಟ್ಟಿಗೆ ಏಳು ಬೀಮ್ ನೋಡುವ ರಿಸೀವರ್ ಕೂರಿಸಿದ್ದು ಇದಕ್ಕೇ. ಅವರ ಕೊನೆಯ ಪಟ್ಟಿಯಲ್ಲಿ 972 ಮೇಸರ್ ಇವೆ. ಅವರು ನೋಡಿದ್ದು ಪಾರ್ಕ್ಸ್‌ನಿಂದ ಕಾಣುವ ಭಾಗ, ಅಷ್ಟಕ್ಕೂ ಸಾವಿರವೂ ಇಲ್ಲ ನೋಡಿ. ನಮ್ಮ ಸರ್ವೆ ಅದಕ್ಕಿಂತ ತುಂಬಾ ಚಿಕ್ಕದು, ಪಟ್ಟಿಯ ಒಂದು ತುಂಡು ಮಾತ್ರ. ಆದರೆ ತೊಂದರೆಗಳೆಲ್ಲ ಅವೇ.

ಬಂದ ಅಲೆಗಳನ್ನು ಫ್ರೀಕ್ವೆನ್ಸಿಯ ಸಣ್ಣ ಸಣ್ಣ ಭಾಗಗಳಾಗಿ (ಚಾನೆಲ್‌ಗಳಾಗಿ) ಬಿಡಿಸುವ ಸ್ಪೆಕ್ಟ್ರೋಮೀಟರ್ ಹೊಂದಿಸುವಾಗ ಒಂದು ಲೆಕ್ಕ ಬಾಯಿಪಾಠ ಆಗಿಬಿಡುತ್ತದೆ. ಈ ಗೆರೆಯಲ್ಲಿ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗ ಅಂದರೆ 22 ಕಿಲೋಹರ್ಟ್ಜ್. ಮೇಸರ್ ಪೀಕ್‌ಗಳು ಎಷ್ಟೋ ಸಲ ಸೆಕೆಂಡಿಗೆ ಅರ್ಧ ಕಿಲೋಮೀಟರಿಗಿಂತ ಸಪೂರ. ಚಾನೆಲ್ ಅಗಲವಾದರೆ ಪೀಕ್ ಅದರೊಳಗೆ ಕರಗಿ ಹೋಗುತ್ತದೆ. ಹಾಗಂತ ಒಟ್ಟು ಫ್ರೀಕ್ವೆನ್ಸಿಯ ಹರವು (ಬ್ಯಾಂಡ್) ಸಣ್ಣದಿಟ್ಟರೆ ಕ್ಷೀರಪಥದ ಕೇಂದ್ರದ ಹತ್ತಿರದ ವೇಗದ ಮೋಡಗಳು ಹೊರಗುಳಿಯುತ್ತವೆ. ಡಿಶ್‌ಗೂ ರಿಸೀವರ್‌ಗೂ ನಡುವೆ ಅಲೆ ಹೋಗಿ ಬಂದು ಬೇಸ್‌ಲೈನ್, ಅಂದರೆ ಗ್ರಾಫ್‌ನ ತಳದ ಗೆರೆ, ಏರಿಳಿಯುವುದು ಮಾತ್ರ ನಮಗೆ ಅಷ್ಟು ತಲೆನೋವಲ್ಲ. ಆ ಏರಿಳಿತ ಅಗಲ, ನಮ್ಮ ಪೀಕ್ ಸಪೂರ. ಅಗಲ ಗೆರೆ ಹುಡುಕುವವರ ಪಾಡು ಬೇರೆ.

ಇನ್ನು ನಿಜವಾದ ಕೆಲಸ. ಪರದೆ ಮೇಲೆ ಒಂದು ಪೀಕ್ ಬಂದಿದೆ, ನಾಯ್ಸ್‌ನ ಐದು ಪಟ್ಟು. ನಂಬಬಹುದೇ? ಬರೀ ನಾಯ್ಸ್‌ನಿಂದಲೇ ಅಂಥದ್ದು ಬರುವುದು 35 ಲಕ್ಷ ಚಾನೆಲ್‌ಗೆ ಒಂದು. ಕೇಳಲು ಧೈರ್ಯ ಬರುತ್ತದೆ. ಆದರೆ ನಾಲ್ಕು ಲಕ್ಷ ಜಾಗ, ಒಂದೊಂದರಲ್ಲಿ ಎರಡು ಸಾವಿರ ಚಾನೆಲ್ ಅಂದರೆ 80 ಕೋಟಿ ಆಯಿತು. ಇನ್ನೂರಕ್ಕೂ ಹೆಚ್ಚು ಪೀಕ್ ಸುಮ್ನೆ ಹುಟ್ಟಿಕೊಳ್ಳುತ್ತವೆ! ಹಾಗಾಗಿ ಎತ್ತರ ಒಂದನ್ನೇ ನಾನು ಯಾವತ್ತೂ ನಂಬಲಿಲ್ಲ. ಮೊದಲು ಎರಡು ಪೋಲರೈಸೇಶನ್‌ಗಳನ್ನು, ಅಂದರೆ ಅಲೆ ಕಂಪಿಸುವ ಎರಡು ಬಗೆಗಳನ್ನು, ಬಿಡಿಸಿ ನೋಡುತ್ತಿದ್ದೆ. ಮೆಥನಾಲ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರ ಇರಬೇಕು. ಒಂದರಲ್ಲೇ ಎದ್ದು ನಿಂತಿದ್ದರೆ ಗುಮಾನಿ. ಆಮೇಲೆ ಪಕ್ಕದ ಸಾಲಿನ ಸ್ಕ್ಯಾನ್. ಬೀಮ್‌ಗಳು ಒಂದರ ಮೇಲೊಂದು ಹಾಯುವಂತೆ ಸ್ಕ್ಯಾನ್ ಮಾಡಿರುವುದರಿಂದ ನಿಜವಾದ ಮೇಸರ್ ಪಕ್ಕದಲ್ಲೂ ಸ್ವಲ್ಪ ಇಣುಕಬೇಕು.

ಅತ್ಯಂತ ಗಟ್ಟಿ ಪರೀಕ್ಷೆಯನ್ನು ಭೂಮಿಯೇ ಮಾಡಿಕೊಡುತ್ತದೆ. ನಾವು ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದೇವೆ. ಹಾಗಾಗಿ ಒಂದೇ ಮೇಸರ್ ನಮ್ಮ ರಿಸೀವರ್‌ನಲ್ಲಿ ವರ್ಷದ ಒಳಗೆ ಸಾವಿರಾರು ಕಿಲೋಹರ್ಟ್ಜ್ ಅಲ್ಲದಿದ್ದರೂ ಸಾವಿರದ ಮುನ್ನೂರರಷ್ಟು ಆಚೀಚೆ ಸರಿಯಬಲ್ಲದು. ಭೂಮಿಯ ಓಟ ಕಳೆದು ಸುತ್ತಲಿನ ನಕ್ಷತ್ರಗಳ ಲೆಕ್ಕಕ್ಕೆ ತಂದರೆ ವೇಗ ಅಲ್ಲಾಡದೆ ನಿಲ್ಲುತ್ತದೆ. ಯಾವುದೋ ಯಂತ್ರದ ಸಿಗ್ನಲ್ ಆದರೆ ಇದರ ಉಲ್ಟಾ. ಫ್ರೀಕ್ವೆನ್ಸಿ ಇದ್ದಲ್ಲೇ ಇರುತ್ತದೆ, ಲೆಕ್ಕ ಹಾಕಿದ ವೇಗ ವಾರದಿಂದ ವಾರಕ್ಕೆ ಓಡುತ್ತದೆ. ಅದಕ್ಕೇ ಅನುಮಾನದ ಪೀಕ್‌ಗಳನ್ನು ಅದೇ ರಾತ್ರಿ ಮತ್ತೆ ನೋಡಿ ಪ್ರಯೋಜನವಿಲ್ಲ. ಕೆಲವು ವಾರ ಬಿಟ್ಟು ನೋಡಬೇಕು. ಕಾಯುವುದು ಕಷ್ಟ, ಆದರೆ ಇಷ್ಟು ಅಗ್ಗದ, ಇಷ್ಟು ಖಚಿತ ಪರೀಕ್ಷೆ ಬೇರೆ ಇಲ್ಲ.

ದೆವ್ವಗಳ, ಅಂದರೆ ಸುಳ್ಳು ಪೀಕ್‌ಗಳ ಕಾಟ ಬೇರೆ. ಬಲವಾದ ಮೇಸರ್ ಒಂದಿದ್ದರೆ ಬೀಮ್‌ನ ಪಕ್ಕದ ಸೋರಿಕೆಯಿಂದ ಅಕ್ಕಪಕ್ಕದಲ್ಲೆಲ್ಲ ಅದರ ನೆರಳು ಕಾಣಿಸುತ್ತದೆ. ಜಿ 9.62+0.20 ಅನ್ನುವ ಮೇಸರ್‌ನ ಪೀಕ್ ಸಾವಿರಾರು ಜಾನ್ಸ್ಕಿ (ರೇಡಿಯೊ ಮೂಲದ ಬಲ ಅಳೆಯುವ ಮಾನ). ನಾವು ಹುಡುಕುತ್ತಿರುವುದು ಒಂದು ಜಾನ್ಸ್ಕಿ ಆಸುಪಾಸಿನದು. ಅದರ ಸಾವಿರದ ಒಂದು ಪಾಲು ಸೋರಿದರೂ ಹೊಸ ಮೇಸರ್ ಸಿಕ್ಕಿದಂತೆ ಕಾಣುತ್ತದೆ. ಬಿಡಿಸುವ ಉಪಾಯ ಸರಳ. ಮೇಸರ್‌ಗೆ ಹೆಚ್ಚಾಗಿ ಒಂದೇ ಪೀಕ್ ಇರುವುದಿಲ್ಲ, ಹಲವು ವೇಗಗಳಲ್ಲಿ ಹಲವು ಇರುತ್ತವೆ. ಅದೇ ವೇಗಗಳು, ಅದೇ ಎತ್ತರದ ಅನುಪಾತ ಚಿಕ್ಕದಾಗಿ ಕಂಡರೆ ಅದು ನೆರಳು. ಒಂದೇ ಪೀಕ್ ಇದ್ದಾಗ ಮಾತ್ರ ತಲೆ ಕೆಡುತ್ತದೆ.

ಈಗ ತಲೆಬರಹದ ಖಾಲಿ ಆಕಾಶದ ಮಾತಿಗೆ ಬರುತ್ತೇನೆ. 'ಇಲ್ಲಿ ಮೇಸರ್ ಇಲ್ಲ' ಅಂತ ಬರೆಯಲು ಏನು ಅಧಿಕಾರ? ನಾವು ಕಂಡಿಲ್ಲ ಅಷ್ಟೇ. ಇದಕ್ಕೆ ತಂಡದ ಒಬ್ಬರು ನಿಜವಾದ ಡೇಟಾದೊಳಗೆ ಸುಳ್ಳು ಮೇಸರ್‌ಗಳನ್ನು ಸೇರಿಸಿ ಇಡುತ್ತಿದ್ದರು. ಎಲ್ಲಿ, ಎಷ್ಟು ಬಲದ್ದು ಅಂತ ಹೇಳುತ್ತಿರಲಿಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕು, ಪಕ್ಕದಲ್ಲಿ ಪ್ರೋಗ್ರಾಮ್ ಕೂಡ ಹುಡುಕುತ್ತದೆ. ಕೊನೆಗೆ ತಾಳೆ ನೋಡುವುದು. ಬಲವಾದವು ಎಲ್ಲ ಸಿಗುತ್ತವೆ. ಬಲ ಇಳಿದಂತೆ ಸಿಗುವ ಪಾಲು ಇಳಿಯುತ್ತದೆ. ದೊಡ್ಡ ಮೇಸರ್ ಪಕ್ಕದಲ್ಲಿ ಬಚ್ಚಿಟ್ಟ ಚಿಕ್ಕದನ್ನು ಹಿಡಿಯುವುದರಲ್ಲಿ ಕಣ್ಣೇ ಮೇಲು. ಸಾಲುಸಾಲು ಖಾಲಿ ಸ್ಪೆಕ್ಟ್ರಮ್ ನೋಡುವುದರಲ್ಲಿ ಪ್ರೋಗ್ರಾಮ್ ಮೇಲು, ಅದಕ್ಕೆ ನಿದ್ದೆ ಬರುವುದಿಲ್ಲ. ಇಬ್ಬರ ಫಲಿತಾಂಶ ಸೇರಿಸಿದರೆ 'ಇಷ್ಟು ಬಲದ್ದು ಇದ್ದಿದ್ದರೆ ನಾವು ಬಿಡುತ್ತಿರಲಿಲ್ಲ' ಅಂತ ಪ್ರತಿ ಜಾಗಕ್ಕೂ ಹೇಳಬಹುದು. ನನ್ನ ಮಟ್ಟಿಗೆ ಸರ್ವೆ ಅನ್ನುವುದಕ್ಕೆ ಬೆಲೆ ಬರುವುದೇ ಇಲ್ಲಿ.

ಒಂದೇ ಡಿಶ್‌ನಿಂದ ಜಾಗ ನಿಖರವಾಗಿ ಸಿಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ಹಲವು ಡಿಶ್ ಜೋಡಿಸಿದ ಇಂಟರ್‌ಫೆರೋಮೀಟರ್‌ನಲ್ಲಿ ಮತ್ತೆ ನೋಡಿದಾಗ, ಒಂದು ಅಂದುಕೊಂಡದ್ದು ಪಕ್ಕಪಕ್ಕದ ಎರಡಾಗುವುದುಂಟು. ದೂರ ಗೊತ್ತು ಮಾಡುವುದು ಇನ್ನೂ ಕಷ್ಟ. ಕ್ಷೀರಪಥ ಸುತ್ತುವ ಲೆಕ್ಕ ಹಿಡಿದು ವೇಗದಿಂದ ದೂರ ಊಹಿಸಬೇಕು. ಸೂರ್ಯನ ಕಕ್ಷೆಯ ಒಳಗೆ, ಒಂದೇ ದಿಕ್ಕಿನಲ್ಲಿ ಒಂದೇ ವೇಗಕ್ಕೆ ಹತ್ತಿರದ್ದೊಂದು, ದೂರದ್ದೊಂದು, ಎರಡು ಉತ್ತರ ಬರುತ್ತವೆ. ಪಕ್ಕಾ ಉತ್ತರ ಬೇಕಾದರೆ ಪ್ಯಾರಲಾಕ್ಸ್, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ಮೇಸರ್‌ನ ಜಾಗ ಸ್ವಲ್ಪ ಸರಿದಂತೆ ಕಾಣುವುದನ್ನು, ಅಳೆಯಬೇಕು. ಬೆಸೆಲ್ ಸರ್ವೆ ಮತ್ತು ದೂರದೂರದ ಡಿಶ್‌ಗಳನ್ನು ಜೋಡಿಸಿದ ಜಪಾನಿನ ವೇರಾ ಅದನ್ನು ಮಾಡಿವೆ. ಸುಮಾರು ಇನ್ನೂರು ಮೇಸರ್‌ಗಳ ಪ್ಯಾರಲಾಕ್ಸ್‌ನಿಂದ ಕ್ಷೀರಪಥದ ಕೇಂದ್ರಕ್ಕೆ 8.15 ಕಿಲೋಪಾರ್ಸೆಕ್, ಅಂದರೆ ಸುಮಾರು 26,600 ಜ್ಯೋತಿರ್ವರ್ಷ ಅಂತ 2019ರಲ್ಲಿ ಲೆಕ್ಕ ಬಂತು. ನಮ್ಮ ಪಟ್ಟಿಯಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯ ಇಲ್ಲ. ಎರಡು ದೂರಗಳನ್ನೂ ಬರೆದು ಬಿಟ್ಟಿದ್ದೇವೆ.

ಇನ್ನೊಂದು ತೊಡಕು, ಮೇಸರ್ ಇದ್ದ ಹಾಗೇ ಇರುವುದಿಲ್ಲ. ಮೇಲೆ ಹೇಳಿದ ಜಿ 9.62 ಸುಮಾರು 244 ದಿನಕ್ಕೊಮ್ಮೆ ಉರಿದು ಇಳಿಯುತ್ತದೆ. ಜಿ 358.93-0.03 ಹಿಂದಿನ ಸರ್ವೆಯ ಪಟ್ಟಿಯಲ್ಲಿ ಒಂದು ಸಾಧಾರಣ ಹೆಸರಾಗಿತ್ತು. 2019ರ ಜನವರಿಯಲ್ಲಿ ಏರಲು ಶುರುವಾಗಿ, ಎಲ್ಲೂ ಕಂಡಿರದ ಮೆಥನಾಲ್ ಗೆರೆಗಳೂ ಅದರಲ್ಲಿ ಮೇಸರ್ ಆದವು. ಎಳೆಯ ನಕ್ಷತ್ರ ಒಮ್ಮೆಲೇ ದೊಡ್ಡ ತುತ್ತು ನುಂಗಿ, ಅದರ ಬಿಸಿ ಹೊರಕ್ಕೆ ಹರಡಿದ್ದು ಕಾರಣ. ಮೊದಲು ಅದು ಹೇಗಿತ್ತು ಅಂತ ಯಾರೋ ಬರೆದಿಟ್ಟಿದ್ದರಿಂದಲೇ ಎಷ್ಟು ಏರಿತು ಅಂತ ಗೊತ್ತಾಯಿತು. ನಾವು ಖಾಲಿ ಅಂತ ಬರೆದ ಜಾಗದಲ್ಲೂ ನಾಳೆ ಹೀಗಾಗಬಹುದು. ಅದಕ್ಕೇ ಮೇಸರ್ ಪಟ್ಟಿಯ ಜೊತೆಗೆ ಪ್ರತಿ ಜಾಗದ ನಾಯ್ಸ್ ಮಟ್ಟ, ನೋಡಿದ ತಾರೀಖು ಎರಡನ್ನೂ ಹಾಕಿದ್ದೇವೆ. ಫೈಲ್ ದೊಡ್ಡದಾಯಿತು, ಅದರ ತುಂಬಾ ಏನೂ ಸಿಗದ ಜಾಗಗಳೇ. ಇಂಥ ಸರ್ವೆಗೆ ಕೈ ಹಾಕುವವರು ಆ ಫೈಲನ್ನು ಮಾತ್ರ ಅಳಿಸಬೇಡಿ.