ಪಾದದ ನಾಡಿ ಮತ್ತು ಒಂದು ದಾಖಲೆ ಪುಸ್ತಕ: ರಕ್ತನಾಳ ಶಸ್ತ್ರಚಿಕಿತ್ಸಕನ ಅನುಭವ

ಹೃದಯ ಮತ್ತು ಮೆದುಳಿನ ಒಳಗಿನ ರಕ್ತನಾಳಗಳನ್ನು ಬಿಟ್ಟು ದೇಹದ ಉಳಿದ ರಕ್ತನಾಳಗಳ ಕಾಯಿಲೆಯನ್ನು ನೋಡಿಕೊಳ್ಳುವುದು ವ್ಯಾಸ್ಕುಲರ್ ಸರ್ಜನ್‌ನ ಕೆಲಸ. ಕತ್ತಿನ ಕೆರೋಟಿಡ್ ಅಪಧಮನಿ, ಹೊಟ್ಟೆಯೊಳಗೆ ಊದಿಕೊಂಡ ಮಹಾಪಧಮನಿ, ಡಯಾಲಿಸಿಸ್ ರೋಗಿಗಳ ಕೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡುವ ಫಿಸ್ಟುಲಾ, ಹಗಲೆಲ್ಲ ನಿಂತು ದುಡಿಯುವವರ ಕಾಲಿನ ವೆರಿಕೋಸ್ ವೇನ್ ಎಲ್ಲವೂ ನಮ್ಮ ಪಾಲಿಗೇ ಬರುತ್ತವೆ. ಆದರೆ ಬೆಂಗಳೂರಿನ ಬೋಧನಾಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ನನ್ನ ದಿನದ ಬಹುಪಾಲು ಸಲ್ಲುವುದು ಸಕ್ಕರೆ ಕಾಯಿಲೆಯಿಂದಲೋ ಬೀಡಿಯಿಂದಲೋ ರಕ್ತ ಸಂಚಾರ ನಿಂತುಹೋದ ಕಾಲುಗಳಿಗೆ. ರೋಗಿಗಳನ್ನು ನೋಡುವುದು, ಪಾಠ ಹೇಳುವುದು, ಸಂಶೋಧನೆ ಮಾಡುವುದು ಈ ಮೂರೂ ಒಂದನ್ನೊಂದು ಜಗ್ಗಾಡುವ ಹುದ್ದೆಯಲ್ಲಿ ಅವುಗಳನ್ನು ಹೇಗೆ ಹೊಂದಿಸಿಕೊಂಡೆ ಎಂಬುದನ್ನು, ಈ ದಾರಿಗೆ ಬರಲು ಯೋಚಿಸುತ್ತಿರುವ ಕಿರಿಯ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್., ಮೈಸೂರಿನಲ್ಲಿ ಎಂ.ಎಸ್. ಮುಗಿಸಿದೆ. ಜನರಲ್ ಸರ್ಜರಿಯ ವಾರ್ಡಿನಲ್ಲಿ ಪಿ.ಜಿ. ವಿದ್ಯಾರ್ಥಿಯ ಕೈಗೆ ಮೊದಲು ಸಿಗುವ ಶಸ್ತ್ರಚಿಕಿತ್ಸೆಗಳಲ್ಲಿ ಕಾಲು ಕತ್ತರಿಸುವುದೂ ಒಂದಾಗಿತ್ತು. ಅದು ಸುಲಭವೆಂದು, ಕಲಿಯುವವರಿಗೆ ಬಿಟ್ಟುಕೊಡಬಹುದೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಆ ಕಾಲಿಗೆ ರಕ್ತ ಎಲ್ಲಿಯವರೆಗೆ ಹರಿಯುತ್ತಿದೆ, ಎಲ್ಲಿ ನಿಂತಿದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಶಾಖೆಯೊಂದಿದೆ ಎಂದು ತಿಳಿದ ಮೇಲೆ ಎಂ.ಎಸ್. ನಂತರದ, ಮೂರು ವರ್ಷದ ಎಂ.ಸಿಎಚ್. ಎಂಬ ಉನ್ನತ ಶಸ್ತ್ರಚಿಕಿತ್ಸಾ ತರಬೇತಿಗಾಗಿ ಚೆನ್ನೈಗೆ ಹೋದೆ, ಮುಗಿಸಿಕೊಂಡು ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಬೆಂಗಳೂರಿಗೆ ಬಂದೆ. ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಇದಕ್ಕಿಂತ ಹೆಚ್ಚು ಸಂಬಳ ಸಿಗುತ್ತಿತ್ತು ಎಂಬುದನ್ನು ಮನೆಯವರು ನನಗೆ ಆಗಾಗ ನೆನಪಿಸಿದ್ದಾರೆ. ಅದರಲ್ಲಿ ಸುಳ್ಳೇನೂ ಇಲ್ಲ.

ನನ್ನ ಕೆಲಸ ಹೊರರೋಗಿಗಳನ್ನು ನೋಡುವ ಓ.ಪಿ.ಯಲ್ಲಿ, ಬೆರಳ ತುದಿಯಿಂದ ಆರಂಭವಾಗುತ್ತದೆ. ತೊಡೆಯ ಸಂದಿಯಲ್ಲಿ ಫೆಮೊರಲ್ ನಾಡಿ, ಮಂಡಿಯ ಹಿಂದೆ ಪಾಪ್ಲಿಟಿಯಲ್, ಒಳಹರಡಿನ ಹಿಂದೆ ಪೋಸ್ಟೀರಿಯರ್ ಟಿಬಿಯಲ್, ಪಾದದ ಮೇಲ್ಭಾಗದಲ್ಲಿ ಡಾರ್ಸಾಲಿಸ್ ಪೀಡಿಸ್ ಎಂದು ಮೇಲಿನಿಂದ ಕೆಳಕ್ಕೆ ಮುಟ್ಟಿ ನೋಡುತ್ತ ಬಂದರೆ, ಯಾವ ಸ್ಕ್ಯಾನ್‌ಗೂ ಮೊದಲೇ ಅಡಚಣೆ ಯಾವ ಮಟ್ಟದಲ್ಲಿದೆ ಎಂಬುದು ಅಂದಾಜಿಗೆ ಸಿಗುತ್ತದೆ. ಆಮೇಲೆ ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಪೆನ್ನಿನಷ್ಟು ದಪ್ಪದ ಡಾಪ್ಲರ್ ಪ್ರೋಬನ್ನು ಜೆಲ್ ಹಚ್ಚಿ ಓರೆಯಾಗಿ ಹಿಡಿಯುತ್ತೇನೆ. ಆರೋಗ್ಯವಂತ ಅಪಧಮನಿಯಲ್ಲಿ ಚುರುಕಾದ, ಮೂರು ಹೆಜ್ಜೆಯ ಸದ್ದು ಕೇಳಿಸುತ್ತದೆ. ಮೇಲೆಲ್ಲೋ ಅಡಚಣೆಯಿದ್ದರೆ ಅದು ಒಂದೇ ಹೆಜ್ಜೆಯ, ಎಳೆದೆಳೆದು ಬೀಸುವ ಗಾಳಿಯಂಥ ಸದ್ದಾಗುತ್ತದೆ. ಹೊಸ ವಿದ್ಯಾರ್ಥಿಗಳಿಗೆ ಕಣ್ಣು ಮುಚ್ಚಿಕೊಂಡು ಕೇಳಲು ಹೇಳುತ್ತೇನೆ. ಯಂತ್ರದ ಪರದೆಯನ್ನು ನೋಡುವ ಅಭ್ಯಾಸ ಬಂದವರಿಗೆ ಕಿವಿ ತಯಾರಾಗುವುದು ತಡ.

ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ಬರುವ ಸಂಖ್ಯೆ 0.9ಕ್ಕಿಂತ ಕಡಿಮೆಯಿದ್ದರೆ ಕಾಲಿನ ರಕ್ತನಾಳದಲ್ಲಿ ಕಾಯಿಲೆಯಿದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮ್ಮ ರೋಗಿಗಳಲ್ಲಿ ಈ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. ಬಹಳ ಕಾಲದ ಸಕ್ಕರೆ ಕಾಯಿಲೆಯಲ್ಲಿ ಅಪಧಮನಿಯ ಗೋಡೆಗೆ ಸುಣ್ಣದ ಅಂಶ ಕಟ್ಟಿಕೊಂಡು, ಪಟ್ಟಿ ಎಷ್ಟು ಬಿಗಿದರೂ ಅದು ಅದುಮಿಕೊಳ್ಳುವುದಿಲ್ಲ. ಹಾಗಾಗಿ ಬೆರಳು ಕಪ್ಪಗಾಗುತ್ತಿರುವ ಕಾಲಿನಲ್ಲೂ ಸಂಖ್ಯೆ 1.4 ದಾಟಿ ಬರಬಹುದು. ಕಾಗದದ ಮೇಲೆ ಅದು ಉತ್ತಮವೆಂದೇ ಕಾಣುತ್ತದೆ. ಅಂಥವರಲ್ಲಿ ಹೆಬ್ಬೆರಳಿನ ಒತ್ತಡವನ್ನು ಅಳೆಯಬೇಕು, ಅದು 30 ಮಿಲಿಮೀಟರಿಗಿಂತ ಕೆಳಗಿದ್ದರೆ ಗಾಯ ತಾನಾಗಿ ಮಾಯುವ ಆಸೆಯನ್ನು ಬಹುಮಟ್ಟಿಗೆ ಬಿಡಬೇಕು.

ಹಾವೇರಿ ಕಡೆಯ ಒಬ್ಬ ಹಿರಿಯ ರೈತರು ಕಿರುಬೆರಳು ಕಪ್ಪಗಾಗಿ ಬಂದಿದ್ದರು. ‘ಸಾಹೇಬ್ರ, ಬೆರಳೊಂದ ತಗದ್ ಕಳಸ್ರಿ, ಬಿತ್ತನಿ ಐತಿ’ ಎಂಬುದು ಅವರ ಬೇಡಿಕೆ. ‘ಅಪ್ಪಾರ, ನೀರ ಬರದ ಹೊಲಕ್ಕ ಕಳೆ ಕಿತ್ರ ಪೈರ ಬರ್ತೈತೇನ್ರಿ?’ ಎಂದು ಅವರ ಮಗನೇ ನನ್ನ ಬದಲಿಗೆ ಉತ್ತರ ಕೊಟ್ಟ. ರಕ್ತ ಹರಿಸದೆ ಬೆರಳು ತೆಗೆದರೆ ಆ ಗಾಯವೂ ಮಾಯುವುದಿಲ್ಲ, ಅದರ ಪಕ್ಕದ್ದೂ ಕಪ್ಪಗಾಗುತ್ತದೆ, ಕಡೆಗೆ ಮಂಡಿಯ ಕೆಳಗೋ ಮೇಲೋ ಕತ್ತರಿಸಬೇಕಾಗುತ್ತದೆ. ಮೊದಲು ರಕ್ತ, ಆಮೇಲೆ ಬೆರಳು ಎಂಬ ಈ ಕ್ರಮವನ್ನು ಒಪ್ಪಿಸಲು ಓ.ಪಿ.ಯಲ್ಲಿ ಕಳೆಯುವ ಸಮಯವನ್ನು ನಾನು ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ರಕ್ತ ಹರಿಸುವುದಕ್ಕೆ ಎರಡು ದಾರಿಗಳಿವೆ, ಎರಡಕ್ಕೂ ಇಪ್ಪತ್ತನೆಯ ಶತಮಾನದ ನಡುಭಾಗವೇ ಮೂಲ. ತೊಡೆಯ ಚರ್ಮದಡಿಯ ಸಫೀನಸ್ ಅಭಿಧಮನಿಯನ್ನು ತಿರುವುಮುರುವಾಗಿಸಿ ಅಡಚಣೆಯನ್ನು ದಾಟಿಸುವ ಬೈಪಾಸನ್ನು ಜಾನ್ ಕುನ್ಲಿನ್ 1948ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದರು. ತಿರುವುಮುರುವು ಏಕೆಂದರೆ ಅಭಿಧಮನಿಯೊಳಗಿನ ಕವಾಟಗಳು ಹೃದಯದ ದಿಕ್ಕಿಗೆ ಮಾತ್ರ ತೆರೆಯುತ್ತವೆ. ಇನ್ನೊಂದು ದಾರಿಯನ್ನು ತೆರೆದವರು ಸರ್ಜನ್ ಅಲ್ಲ, ರೇಡಿಯಾಲಜಿಸ್ಟ್. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಅವರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮಹಿಳೆಯ ತೊಡೆಯ ಅಪಧಮನಿಯನ್ನು ಒಳಗಿನಿಂದಲೇ ಹಿಗ್ಗಿಸಿದರು, ಆಕೆ ಕೊನೆಯವರೆಗೂ ತನ್ನ ಕಾಲಿನ ಮೇಲೆಯೇ ನಡೆದರು. ಇಂದು ಹೀಗೆ ಹಿಗ್ಗಿಸುವುದು ಹೆಚ್ಚಾಗಿ ನಾಳದೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ. ನಾನು ಎರಡನ್ನೂ ಮಾಡುತ್ತೇನೆ. ಕಿಡ್ನಿ ದುರ್ಬಲವಾದವರಿಗೆ ಆಂಜಿಯೋಗ್ರಾಂನಲ್ಲಿ ಅಯೋಡಿನ್ ಇರುವ ದ್ರವದ ಬದಲು ಕಾರ್ಬನ್ ಡೈ ಆಕ್ಸೈಡ್ ಅನಿಲವನ್ನು ಬಳಸುವುದನ್ನೂ ರೂಢಿ ಮಾಡಿಕೊಂಡಿದ್ದೇನೆ, ಮಂಡಿಯ ಕೆಳಗೆ ಅದರ ಚಿತ್ರ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲವಾದರೂ.

ಹೊಲಿಗೆಯನ್ನು ಕಲಿಸುವುದು ನನಗೆ ಇಷ್ಟದ ಕೆಲಸ. ಅಲೆಕ್ಸಿಸ್ ಕ್ಯಾರೆಲ್ ಎಂಬ ಫ್ರೆಂಚ್ ಸರ್ಜನ್ ಲಿಯಾನ್ ನಗರದ ಕಸೂತಿಗಾರ್ತಿಯೊಬ್ಬರಿಂದ ಸೂಕ್ಷ್ಮ ಹೊಲಿಗೆಯನ್ನು ಕಲಿತು, ತುಂಡಾದ ರಕ್ತನಾಳದ ದುಂಡು ಬಾಯಿಯನ್ನು ಮೂರು ಕಡೆ ಎಳೆದು ತ್ರಿಕೋನವಾಗಿಸಿ ಹೊಲಿಯುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದರು, 1912ರಲ್ಲಿ ನೊಬೆಲ್ ಪಡೆದರು. ನಮ್ಮ ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಸೀರೆಯ ಎರಡೂ ಬದಿ ಒಂದೇ ಥರ ಕಾಣಬೇಕು. ನಮ್ಮ ಪ್ರೊಲೀನ್ ದಾರವಾದರೋ ಜಾರುವ ಜಾತಿಯದು, ಗಂಟಿನ ಮೇಲೆ ಗಂಟು ಬೀಳಲೇಬೇಕು. ಆದರೆ ಒಳಬದಿ ಹೊರಬದಿಯಷ್ಟೇ ನಯವಾಗಿರಬೇಕೆಂಬ ಹಟ ಎರಡರಲ್ಲೂ ಒಂದೇ. ಕಾಯಿಲೆಯ ಅಪಧಮನಿಯಲ್ಲಿ ಸೂಜಿ ಯಾವಾಗಲೂ ಒಳಗಿನಿಂದ ಹೊರಕ್ಕೆ ಬರಬೇಕು. ಹೊರಗಿನಿಂದ ಚುಚ್ಚಿದರೆ ಒಳಪದರಕ್ಕೆ ಅಂಟಿದ ಕೊಬ್ಬಿನ ಗಡ್ಡೆ ಎದ್ದು, ರಕ್ತ ಹರಿದೊಡನೆ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ವಿದ್ಯಾರ್ಥಿಗಳು ಮೊದಲು ಮಾಂಸದಂಗಡಿಯಿಂದ ತಂದ ಕುರಿಯ ಮಹಾಪಧಮನಿಯ ಮೇಲೆ ಹೊಲಿಯುತ್ತಾರೆ. ಹೊಲಿದಾದ ಮೇಲೆ ಅದನ್ನು ಉದ್ದಕ್ಕೆ ಸೀಳಿ ಒಳಬದಿಯನ್ನು ನೋಡಿಯೇ ನಾನು ಅಂಕ ಕೊಡುವುದು. ಒಟಿಯಲ್ಲಿ, ಅಂದರೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಕೊನೆಯ ಗಂಟಿಗೆ ಮೊದಲು ಕ್ಲ್ಯಾಂಪನ್ನು ಕ್ಷಣಕಾಲ ಸಡಿಲಿಸಿ, ಒಳಗಿನ ಗಾಳಿ ಮತ್ತು ಹೆಪ್ಪು ಹೊರಗೆ ಬಂದದ್ದನ್ನು ಕಣ್ಣಾರೆ ಕಂಡ ನಂತರವೇ ದಾರವನ್ನು ಬಿಗಿಯಲು ಬಿಡುತ್ತೇನೆ.

ರಾತ್ರಿ ಕರೆಗಳಲ್ಲಿ ಹೆಚ್ಚಿನವು ಬೈಕ್ ಅಪಘಾತದವು. ಮಂಡಿ ಕೀಲು ತಪ್ಪಿ ಅದರ ಹಿಂದಿನ ಅಪಧಮನಿ ಹರಿದಿದ್ದರೆ, ಸುಮಾರು ಆರು ಗಂಟೆಯೊಳಗೆ ರಕ್ತ ಹರಿಯದಿದ್ದರೆ ಸ್ನಾಯು ಉಳಿಯುವುದು ಕಷ್ಟ, ಆ ವೇಳೆಯಲ್ಲಿ ಬಹುಪಾಲು ಆಂಬುಲೆನ್ಸಿನಲ್ಲೇ ಕಳೆದಿರುತ್ತದೆ. ಮೊದಲು ಮೂಳೆಯೋ ಮೊದಲು ನಾಳವೋ ಎಂದು ಆರ್ಥೊಪೆಡಿಕ್ಸ್‌ನವರೊಡನೆ ನಡೆಯುವ ವಾದವನ್ನು ನಾವು ಒಂದು ಪ್ಲಾಸ್ಟಿಕ್ ಕೊಳವೆಯಿಂದ ಬಗೆಹರಿಸಿಕೊಂಡಿದ್ದೇವೆ. ಹರಿದ ಎರಡು ತುದಿಗಳ ನಡುವೆ ತಾತ್ಕಾಲಿಕ ಷಂಟ್ ಇಟ್ಟು, ಅದು ಸಿಗದಿದ್ದರೆ ಶಿಶುಗಳಿಗೆ ಹಾಲುಣಿಸುವ ಫೀಡಿಂಗ್ ಟ್ಯೂಬನ್ನೇ ಇಟ್ಟು, ರಕ್ತ ಹರಿಯಲು ಬಿಡುತ್ತೇವೆ. ಅವರು ನಿರಾತಂಕವಾಗಿ ಮೂಳೆಯನ್ನು ಕೂಡಿಸಿದ ಮೇಲೆ ನಾವು ಅಭಿಧಮನಿಯ ತುಂಡನ್ನು ಹೊಲಿಯುತ್ತೇವೆ.

ಇನ್ನು ದಾಖಲೆ ಪುಸ್ತಕದ ಮಾತು. ಒಟಿಯಲ್ಲಿ ಪಾದದ ನಾಡಿ ಮರಳಿದ್ದನ್ನೇ ಯಶಸ್ಸೆಂದು ಕರೆಯುವ ಅಭ್ಯಾಸ ನಮ್ಮಲ್ಲಿದೆ. ಆದರೆ ಆ ಬೈಪಾಸ್ ಅಥವಾ ಬಲೂನ್ ಏನಾಯಿತು ಎಂಬುದು ನಿಜವಾಗಿ ತಿಳಿಯುವುದು ಒಂದು ವರ್ಷದ ನಂತರ, ಅಷ್ಟರಲ್ಲಿ ರೋಗಿ ಊರಿನಲ್ಲಿರುತ್ತಾರೆ. ಅದಕ್ಕಾಗಿ ಸೇರಿದ ಹೊಸದರಲ್ಲೇ ಉದ್ದನೆಯ ಲೆಡ್ಜರ್ ಒಂದನ್ನು ತಂದು ಗೆರೆ ಎಳೆದೆ. ಯಾವ ನಾಳ, ಯಾವ ಚಿಕಿತ್ಸೆ, ಗಾಯದ ಆಳ, ಸೋಂಕು, ಸಕ್ಕರೆ, ತಂಬಾಕು ಇವೆಲ್ಲ ಎಲ್ಲರೂ ಬರೆಯುವಂಥವು. ನಾನು ಸೇರಿಸಿದ ಕಾಲಂಗಳು ಎರಡು: ಕಾಯಿಲೆಗೆ ಮೊದಲು ಮಾಡುತ್ತಿದ್ದ ಕೆಲಸ ಯಾವುದು, ಈಗ ಮಾಡುತ್ತಿರುವುದು ಯಾವುದು. ಪಾಶ್ಚಾತ್ಯ ಅಧ್ಯಯನಗಳು ಕಾಲು ಉಳಿದ ಅವಧಿಯನ್ನು ಅಳೆಯುತ್ತವೆ, ಅದು ಸರಿಯಾದದ್ದೇ. ಆದರೆ ಕಾಲು ಉಳಿದೂ ಹಾಸಿಗೆಯಲ್ಲಿರುವ ಹಮಾಲಿಯ ಲೆಕ್ಕ ಅದರಲ್ಲಿ ಬರುವುದಿಲ್ಲ.

ಪುಸ್ತಕ ಮೊದಲು ಹೇಳಿದ ಸಂಗತಿ ರಕ್ತನಾಳದ ಕುರಿತದ್ದಲ್ಲ, ಫೋನಿನ ಕುರಿತದ್ದು. ಬರೆದುಕೊಂಡಿದ್ದ ಸಂಖ್ಯೆ ಆಸ್ಪತ್ರೆಗೆ ಜೊತೆಯಲ್ಲಿ ಬಂದ ಅಕ್ಕನ ಮಗನದು, ಅವನು ಈಗ ಪುಣೆಯಲ್ಲಿದ್ದಾನೆ ಎಂಬಂಥ ಉತ್ತರಗಳೇ ಬಂದವು. ಅಂದಿನಿಂದ ಎರಡು ಸಂಖ್ಯೆ ಬರೆದುಕೊಳ್ಳುತ್ತೇವೆ, ಅವುಗಳಲ್ಲಿ ಒಂದು ಊರಿನಲ್ಲೇ ಇರುವವರದಾಗಿರಬೇಕು. ಸುಗ್ಗಿಯ ತಿಂಗಳಲ್ಲಿ ಮರುಭೇಟಿಯ ದಿನವನ್ನು ಕೊಡುವುದಿಲ್ಲ. ಬಸ್ಸಿನ ಖರ್ಚಿಗೆ ಹೆದರಿ ಬಾರದವರಿಗೆ ವಾಟ್ಸ್ಆ್ಯಪ್‌ನಲ್ಲಿ ಗಾಯದ ಚಿತ್ರ ಕಳಿಸಲು ಹೇಳುತ್ತೇವೆ. ಈ ಮಾಹಿತಿಯನ್ನು ಸಂಶೋಧನೆಗೆ ಬಳಸಲು ಸಾಂಸ್ಥಿಕ ನೀತಿ ಸಮಿತಿಯ ಒಪ್ಪಿಗೆ ಬೇಕು, ರೋಗಿಯ ಸಹಿ ಬೇಕು. ಅದನ್ನು ಶುರುವಿನಲ್ಲೇ ಮಾಡಿಕೊಂಡರೆ ಮುಂದೆ ತೊಂದರೆಯಿಲ್ಲ. ಬಡ್ತಿಗೆ ಪ್ರಕಟಣೆಗಳು ಬೇಕೆಂಬ ನಿಯಮದಿಂದ ಅವಸರದ ಕೇಸ್ ರಿಪೋರ್ಟುಗಳು ಹೆಚ್ಚಿವೆ ಎಂಬುದು ನನ್ನ ಅಭಿಪ್ರಾಯ. ಒಂದೇ ಪುಸ್ತಕವನ್ನು ವರ್ಷಗಟ್ಟಲೆ ತುಂಬಿಸಿದ ಇಲಾಖೆಗೆ ಪ್ರಬಂಧದ ವಿಷಯಕ್ಕಾಗಿ ಹುಡುಕಾಡುವ ಸ್ಥಿತಿ ಬರುವುದಿಲ್ಲ, ನಮ್ಮ ವಿದ್ಯಾರ್ಥಿಗಳ ಥೀಸಿಸ್‌ಗಳೆಲ್ಲ ಅದರಿಂದಲೇ ಹುಟ್ಟಿವೆ.

ಬೈಪಾಸೋ ಬಲೂನೋ ಎಂಬ ಪಾಠಕ್ಕೆ ಒಂದೇ ವಾರದಲ್ಲಿ ಎರಡು ಪ್ರಬಂಧಗಳನ್ನು ಓದಿಸುತ್ತೇನೆ. 2022ರ ಬೆಸ್ಟ್-ಸಿಎಲ್ಐ ಅಧ್ಯಯನದಲ್ಲಿ, ಒಳ್ಳೆಯ ಸಫೀನಸ್ ಅಭಿಧಮನಿ ಇದ್ದವರಲ್ಲಿ ಬೈಪಾಸ್ ಮೇಲಾಗಿತ್ತು: ಕಾಲಿಗೆ ದೊಡ್ಡ ತೊಂದರೆ ಅಥವಾ ಸಾವು ಬೈಪಾಸ್ ಗುಂಪಿನಲ್ಲಿ ಶೇ. 42.6, ಬಲೂನ್ ಮುಂತಾದ ಒಳಚಿಕಿತ್ಸೆಯ ಗುಂಪಿನಲ್ಲಿ ಶೇ. 57.4. ಮರುವರ್ಷ ಬಂದ ಬೇಸಿಲ್-2ರಲ್ಲಿ, ಮಂಡಿಯ ಕೆಳಗಿನ ನಾಳಗಳಲ್ಲಿ ಕಾಯಿಲೆಯಿದ್ದ 345 ರೋಗಿಗಳಲ್ಲಿ, ಉತ್ತರ ತಿರುಗಿ ಕೂತಿತು: ದೊಡ್ಡ ಮಟ್ಟದಲ್ಲಿ ಕಾಲು ಕತ್ತರಿಸುವುದು ಅಥವಾ ಸಾವು ಬೈಪಾಸ್ ಗುಂಪಿನಲ್ಲಿ ಶೇ. 63, ಒಳಚಿಕಿತ್ಸೆಯಲ್ಲಿ ಶೇ. 53. ಎರಡನ್ನೂ ಓದಿದ ವಿದ್ಯಾರ್ಥಿ ‘ಸರ್, ಹಾಗಾದರೆ ಯಾವುದು ಸರಿ?’ ಎಂದು ಕೇಳಿಯೇ ಕೇಳುತ್ತಾನೆ. ಆಗ ನಮ್ಮ ಪುಸ್ತಕವನ್ನು ಬಿಚ್ಚಿ, ನಮ್ಮ ವಾರ್ಡಿನ ರೋಗಿ ಈ ಎರಡು ಗುಂಪುಗಳಲ್ಲಿ ಯಾರನ್ನು ಹೋಲುತ್ತಾನೆ ಎಂದು ಹುಡುಕಲು ಹೇಳುತ್ತೇನೆ. ಕಾಯಿಲೆ ಎಲ್ಲಿದೆ, ಅಭಿಧಮನಿ ಎಷ್ಟು ದಪ್ಪ, ಹೃದಯ ಎಷ್ಟು ತಡೆದೀತು ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಹೋದರೆ ಆ ಎರಡು ಪ್ರಬಂಧಗಳು ಅವನಿಗೆ ಅಷ್ಟೊಂದು ವಿರುದ್ಧವಾಗಿ ಕಾಣುವುದಿಲ್ಲ.

ಎರಡೂ ದಾರಿ ಕೈಕೊಡುವ ರೋಗಿಗಳೂ ಇದ್ದಾರೆ. ತಂಬಾಕು ಬಳಸುವವರ ಕೈಕಾಲಿನ ನಾಳಗಳು ಉರಿಯೂತದಿಂದ ಮುಚ್ಚಿಕೊಳ್ಳುವ, ಲಿಯೊ ಬರ್ಗರ್ 1908ರಲ್ಲಿ ವಿವರಿಸಿದ ಕಾಯಿಲೆ ನಿಪ್ಪಾಣಿಯ ತಂಬಾಕಿನ ಸೀಮೆಯಿಂದ ಬರುವ ನಡುವಯಸ್ಸಿನೊಳಗಿನ ಬೀಡಿ ಸೇದುವವರಲ್ಲಿ ಇಂದಿಗೂ ಕಾಣಸಿಗುತ್ತದೆ. ಅವರ ಆಂಜಿಯೋಗ್ರಾಂನಲ್ಲಿ ಮುಖ್ಯ ನಾಳ ಮಾಯವಾಗಿ, ಅದರ ಜಾಗದಲ್ಲಿ ಬಿರಡೆ ಕೀಳುವ ಸುರುಳಿಯಂಥ ಸಣ್ಣ ನಾಳಗಳಷ್ಟೇ ಇರುತ್ತವೆ. ಬೈಪಾಸನ್ನು ಇಳಿಸಲು ಕೆಳಗೆ ಜಾಗವಿರುವುದಿಲ್ಲ. ತಂಬಾಕನ್ನು ಪೂರ್ತಿ ಬಿಟ್ಟವರ ಕಾಲು ಬಹುತೇಕ ಉಳಿಯುತ್ತದೆ. ದಿನಕ್ಕೆ ಒಂದೇ ಎಂದು ಇಳಿಸಿಕೊಂಡವರದು ಉಳಿಯುವುದಿಲ್ಲ. ಇವರಿಗಾಗಿ ನಾನು ಮಾಡುವ ಹೆಚ್ಚಿನ ಕೆಲಸ ಕುರ್ಚಿಯಲ್ಲಿ ಕೂತು ಮಾಡುವಂಥದ್ದು, ಹೆಂಡತಿಯನ್ನೋ ತಾಯಿಯನ್ನೋ ಜೊತೆಯಲ್ಲಿ ಕೂರಿಸಿಕೊಂಡು.

ನಮ್ಮಲ್ಲಿ ಕಲಿತ ಒಬ್ಬರು ಈಗ ಕಲ್ಯಾಣ ಕರ್ನಾಟಕದ ಜಿಲ್ಲೆಯೊಂದರಲ್ಲಿ ಇಂಥದೇ ಪುಸ್ತಕವನ್ನು ಆರಂಭಿಸಿದ್ದಾರೆ, ಕಾಗದದ ಬದಲು ಟ್ಯಾಬ್ಲೆಟ್‌ನಲ್ಲಿ. ಮುಟ್ಟಿ ನೋಡುವ ನಾಡಿಯ ಕಾಲಂ ನೋಡುವವರಿಂದ ನೋಡುವವರಿಗೆ ಬದಲಾಗುತ್ತದೆಂದು ಅದನ್ನು ಕೈಬಿಟ್ಟು, ಹೆಬ್ಬೆರಳಿನ ಒತ್ತಡವೊಂದನ್ನೇ ಉಳಿಸಿಕೊಂಡಿದ್ದಾರೆ. ಒತ್ತಡ ಅಳೆಯುವ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯ ವೈದ್ಯರು ಹಾಗಾದರೆ ಏನು ಬರೆಯಬೇಕು ಎಂದು ನಾನು ಕೇಳಿದ್ದೇನೆ. ಯಂತ್ರ ಕೊಡಿಸಿ ಎಂಬುದು ಅವರ ಉತ್ತರ, ಅದಕ್ಕಾಗಿ ಅನುದಾನದ ಅರ್ಜಿಯನ್ನು ಇಬ್ಬರೂ ಸೇರಿ ಬರೆಯುತ್ತಿದ್ದೇವೆ.